ದ್ರಾವಿಡ್ ಹಿಡಿದದ್ದು, ನಾನು ಬಿಟ್ಟದ್ದು

2025ರ ಜುಲೈ 11, ಶುಕ್ರವಾರ ರಾತ್ರಿ. ಧಾರವಾಡದ ನಮ್ಮ ಬಾಡಿಗೆ ರೂಮಿನಲ್ಲಿ ನಾಲ್ಕು ಜನ, ಒಂದೇ ಮೊಬೈಲು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ರೂಮು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ಗೋಡೆ ತುಂಬ ನಕಾಶೆ, ಮೂಲೆಯಲ್ಲಿ ಕುಕ್ಕರು, ಹಗ್ಗದ ಮೇಲೆ ಒಣಗದ ಬನಿಯನ್ನು. ಸಂವಿಧಾನದ ದಪ್ಪ ಗೈಡಿಗೆ ಮೊಬೈಲು ಒರಗಿಸಿ ಲಾರ್ಡ್ಸ್ ಟೆಸ್ಟ್ ನೋಡುತ್ತಿದ್ದೆವು. ಆ ಗೈಡು ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಹೀಗೇ.

ಕ್ರೀಸಿನಲ್ಲಿ ನಮ್ಮ ಕರುಣ್ ನಾಯರ್. 2016ರಲ್ಲಿ ಚೆನ್ನೈನಲ್ಲಿ ಇದೇ ಇಂಗ್ಲೆಂಡ್ ಮೇಲೆ 303 ಹೊಡೆದು ಔಟಾಗದೆ ಉಳಿದವರು. ಮರುವರ್ಷವೇ ತಂಡದಿಂದ ಹೊರಗೆ. ಮತ್ತೆ ಟೆಸ್ಟ್ ಟೋಪಿ ಹಾಕಲು ಎಂಟು ವರ್ಷ ಕಾಯಬೇಕಾಯಿತು. ಹಾಗಾಗಿ ನಮ್ಮ ರೂಮಿನಲ್ಲಿ ಅವರಿಗೆ ವಿಶೇಷ ಬೆಂಬಲ. 'ನಾವೇನು ಮಹಾ, ಮೂರು ವರ್ಷದಿಂದ ಕಾಯ್ತಿದ್ದೀವಿ ಅಷ್ಟೇ' ಅಂತ ನಮ್ಮ ನಾವೇ ಸಮಾಧಾನ ಮಾಡಿಕೊಳ್ಳೋದಕ್ಕೆ ಅವರು ಬೇಕಿದ್ದರು. 40 ರನ್ ಆಗಿತ್ತು, ಚೆನ್ನಾಗಿಯೇ ಆಡುತ್ತಿದ್ದರು. ಬೆನ್ ಸ್ಟೋಕ್ಸ್ ಎಸೆದ ಚೆಂಡು ಬ್ಯಾಟಿನ ಅಂಚು ಸವರಿ ಸ್ಲಿಪ್ ಕಡೆ ಹೋಯಿತು. ಜೋ ರೂಟ್ ಪಕ್ಕಕ್ಕೆ ಹಾರಿ, ಇನ್ನೇನು ನೆಲಕ್ಕೆ ತಾಗಬೇಕು ಅನ್ನುವಾಗ ಒಂದೇ ಕೈಯಲ್ಲಿ ಹಿಡಿದುಬಿಟ್ಟರು.

ಮೂವರು ಕರುಣ್ ಹೋದರಲ್ಲಾ ಅಂತ ತಲೆ ಚಚ್ಚಿಕೊಂಡರು. ನಾನು ಸುಮ್ಮನೆ ಕೂತಿದ್ದೆ. ಆ ಕ್ಯಾಚು ರೂಟ್‌ಗೆ ಟೆಸ್ಟ್‌ನಲ್ಲಿ 211ನೆಯದು. ಅಲ್ಲಿಯವರೆಗೆ ವಿಕೆಟ್ ಕೀಪರ್ ಅಲ್ಲದ ಫೀಲ್ಡರ್ ಒಬ್ಬ ಹಿಡಿದ ಅತಿ ಹೆಚ್ಚು ಕ್ಯಾಚು 210. ಅದು ರಾಹುಲ್ ದ್ರಾವಿಡ್ ಹೆಸರಿನಲ್ಲಿತ್ತು. ದ್ರಾವಿಡ್ 1996ರ ಜೂನ್‌ನಲ್ಲಿ ಟೆಸ್ಟ್ ಆಡಲು ಶುರು ಮಾಡಿದ್ದೂ ಇದೇ ಲಾರ್ಡ್ಸ್‌ನಲ್ಲಿ. ಬೆಂಗಳೂರಿನವನ ದಾಖಲೆ, ಕರ್ನಾಟಕದ ಹುಡುಗನ ಬ್ಯಾಟಿನ ಅಂಚಿನಿಂದಲೇ, ಅವರು ಶುರು ಮಾಡಿದ ಮೈದಾನದಲ್ಲೇ ಹೋಯಿತು. ಕಥೆ ಬರೆಯುವವನು ಹೀಗೆ ಬರೆದಿದ್ದರೆ 'ಅತಿಯಾಯ್ತು ಮಾರಾಯ' ಅನ್ನುತ್ತಿದ್ದೆವು.

ದ್ರಾವಿಡ್ ಬಗ್ಗೆ ಇನ್ನೇನು ಬರೆಯೋದಿದೆ ಅಂತ ನೀವು ಕೇಳಬಹುದು. 13,288 ಟೆಸ್ಟ್ ರನ್ನು, 31,258 ಚೆಂಡು ಎದುರಿಸಿದ ತಾಳ್ಮೆ, 'ಗೋಡೆ' ಅನ್ನೋ ಬಿರುದು, ಇವೆಲ್ಲ ಸಾಮಾನ್ಯ ಜ್ಞಾನದ ಪುಸ್ತಕದಲ್ಲೇ ಇವೆ. ನನಗೆ ಹೇಳಬೇಕಿರೋದು ಬ್ಯಾಟ್ ಹಿಡಿಯದ ದ್ರಾವಿಡ್ ಬಗ್ಗೆ. ಮೊಣಕಾಲಿನ ಮೇಲೆ ಕೈಯಿಟ್ಟು, ಅಗಲ ಅಂಚಿನ ಬಿಳಿ ಟೋಪಿ ಹಾಕಿಕೊಂಡು, ಮೊದಲನೇ ಸ್ಲಿಪ್‌ನಲ್ಲಿ ಇಡೀ ದಿನ ನಿಂತಿರುತ್ತಿದ್ದ ದ್ರಾವಿಡ್ ಬಗ್ಗೆ.

ನಮ್ಮೂರು ಉಜ್ಜಿನಿ. ಕೊಟ್ಟೂರಿನಿಂದ ಬಸ್ಸು ಹತ್ತಿದರೆ ಬೇಗ ಬರುತ್ತದೆ, ಬಸ್ಸು ಸಿಗೋದು ಮಾತ್ರ ತಡ. ಮರುಳಸಿದ್ಧೇಶ್ವರನ ಊರು ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಶಿಖರಕ್ಕೆ ಎಣ್ಣೆ ಎರೆಯುವ ತೈಲಾಭಿಷೇಕ ನೋಡೋದಕ್ಕೆ ಜಾತ್ರೆಯಲ್ಲಿ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ನಾನು 2000ದಲ್ಲಿ ಹುಟ್ಟಿದವನು. ನಮ್ಮ ಮನೆಯಲ್ಲಿ ಟೀವಿ ಇರಲಿಲ್ಲ. ನಾಲ್ಕು ಮನೆ ಆಚೆ ಇತ್ತು. ಕರೆಂಟು ಇದ್ದಾಗ ಆ ಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆವು. ಸಚಿನ್ ಔಟಾದರೆ ದೊಡ್ಡವರೆಲ್ಲ ಎದ್ದು ಹೋಗುತ್ತಿದ್ದರು, ಆಗ ನಮಗೆ ಮುಂದಿನ ಸಾಲು ಸಿಗುತ್ತಿತ್ತು. ದ್ರಾವಿಡ್ ನನಗೆ ಹತ್ತಿರವಾದದ್ದು ಹೀಗೆ, ಜಾಗ ಖಾಲಿಯಾದ ಮೇಲೆ.

2010ರ ಡಿಸೆಂಬರ್‌ನಲ್ಲಿ ಡರ್ಬನ್ ಟೆಸ್ಟ್ ಆಗ ನನಗೆ ಹತ್ತು ವರ್ಷ. ಹರ್ಭಜನ್ ಬೌಲಿಂಗು, ಡೇಲ್ ಸ್ಟೇನ್ ಬ್ಯಾಟಿಂಗು. ಅಂಚಿಗೆ ತಾಗಿದ ಚೆಂಡಿಗೆ ದ್ರಾವಿಡ್ ಪಕ್ಕಕ್ಕೆ ಹಾರಿದರು. ಅವರಿಗಾಗ 37 ವರ್ಷ, ಇನ್ನೆರಡು ವಾರಕ್ಕೆ 38. ನಮ್ಮಪ್ಪನಿಗೂ ಹೆಚ್ಚು ಕಡಿಮೆ ಅದೇ ವಯಸ್ಸು. ನಮ್ಮಪ್ಪ ಆ ವಯಸ್ಸಿಗೇ ಎತ್ತಿನ ಗಾಡಿಯಿಂದ ಇಳಿಯುವಾಗ ಸೊಂಟ ಹಿಡಿದುಕೊಂಡು ಇಳಿಯುತ್ತಿದ್ದ. ಅಂಥ ವಯಸ್ಸಿನ ಮನುಷ್ಯ ಗಾಳಿಯಲ್ಲಿ ಅಡ್ಡಡ್ಡ ಮಲಗಿದ್ದು ನೋಡಿ ನನಗೆ ನಂಬಿಕೆಯೇ ಬರಲಿಲ್ಲ. ಅದು ಅವರ 200ನೇ ಕ್ಯಾಚು. ಟೆಸ್ಟ್‌ನಲ್ಲಿ ಅಷ್ಟು ಹಿಡಿದ ಮೊದಲ ಫೀಲ್ಡರ್ ಅವರೇ ಅಂತ ಟೀವಿಯಲ್ಲಿ ಹೇಳಿದರು. ಅವತ್ತೇ ಸಂಜೆ ದನದ ಕೊಟ್ಟಿಗೆಯ ಕಲ್ಲುಗೋಡೆಗೆ ಟೆನಿಸ್ ಚೆಂಡು ಹೊಡೆದು ಹಿಡಿಯೋದು ಶುರು ಮಾಡಿದೆ. ಕಲ್ಲು ನುಣುಪಾಗಿರಲಿಲ್ಲವಲ್ಲ, ಚೆಂಡು ಯಾವ ಕಡೆ ಸಿಡಿಯುತ್ತದೋ ಹೇಳಲು ಬರುತ್ತಿರಲಿಲ್ಲ. ಸ್ಲಿಪ್ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಗೋಡೆ ಬೆಂಗಳೂರಿನಲ್ಲೂ ಸಿಗಲಿಕ್ಕಿಲ್ಲ. ಎಮ್ಮೆಗೆ ಮಾತ್ರ ಬಹಳ ಸಿಟ್ಟಿತ್ತು.

2012ರ ಮಾರ್ಚ್ 9ರಂದು ದ್ರಾವಿಡ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಿವೃತ್ತಿ ಹೇಳಿದರು. ಮರುದಿನದ ಪೇಪರನ್ನು ಚಹಾದಂಗಡಿಯಿಂದ ಬೇಡಿ ತಂದು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದ್ದೆ. ಪುಟ ತುಂಬ ಬ್ಯಾಟ್ ಎತ್ತಿದ ಚಿತ್ರಗಳು. ಕೆಳಗೆ ಚಿಕ್ಕ ಪಟ್ಟಿಯಲ್ಲಿ ಪಂದ್ಯ 164, ಶತಕ 36, ಕೊನೆಯ ಸಾಲಿನಲ್ಲಿ ಕ್ಯಾಚ್ 210. ನಾನು ಕೊನೆಯ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೆ.

ಈ 210 ಅಂದರೆ ಎಷ್ಟು ಅಂತ ಅರ್ಥವಾದದ್ದು ಮುಂದೆ, ಪರೀಕ್ಷೆಗೆ ಗಣಿತ ಓದುವಾಗ. 164 ಪಂದ್ಯಕ್ಕೆ 210 ಅಂದರೆ ಒಂದು ಪಂದ್ಯಕ್ಕೆ ಹೆಚ್ಚೂಕಡಿಮೆ ಒಂದೂಕಾಲು. ಟೆಸ್ಟ್‌ನಲ್ಲಿ ದಿನಕ್ಕೆ 90 ಓವರು, ಅಂದರೆ 540 ಚೆಂಡು. ತಂಡ ಎರಡು ದಿನ ಫೀಲ್ಡಿಂಗ್ ಮಾಡಿತು ಅಂದುಕೊಳ್ಳಿ, ಸಾವಿರಕ್ಕೂ ಮೇಲೆ. ಸಾವಿರ ಸಲ ಬಗ್ಗಬೇಕು, ಸಾವಿರ ಸಲ 'ಈಗ ಬರುತ್ತೆ' ಅಂತ ಮನಸ್ಸಿಗೆ ಹೇಳಬೇಕು, ಸಾವಿರ ಸಲ ಬರದೆ ಎದ್ದು ನಿಲ್ಲಬೇಕು. ಬರೋದು ಒಂದೋ ಎರಡೋ. ಅದು ಯಾವುದು ಅಂತ ಮೊದಲೇ ಯಾರೂ ಹೇಳುವುದಿಲ್ಲ. ವೇಗದ ಬೌಲರ್ ಆದರೆ ಅಂಚಿನಿಂದ ಕೈಗೆ ಬರಲು ಸುಮಾರು ಅರ್ಧ ಸೆಕೆಂಡು. ಸ್ಪಿನ್ ಆದರೆ ಸ್ಲಿಪ್‌ನವನು ಇನ್ನೂ ಹತ್ತಿರ ನಿಲ್ಲುತ್ತಾನೆ, ಆಗ ಅಷ್ಟೂ ಇಲ್ಲ. ಯೋಚನೆ ಮಾಡಿ ಹಿಡಿಯೋಕೆ ಆಗಲ್ಲ. ಬೆರಳು ಸಡಿಲ ಬಿಟ್ಟು, ತಲೆ ಅಲುಗಿಸದೆ, ಚೆಂಡು ಬಂದಾಗ ಕೈಯನ್ನು ಚೂರು ಹಿಂದಕ್ಕೆ ತಂದು ಬರಮಾಡಿಕೊಳ್ಳಬೇಕು. ಬಿಗಿ ಮಾಡಿದರೆ ಸಿಡಿದು ಹೋಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮೂರಿನಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಇದ್ದಾರೆ. ರೇಡಿಯೊ ಕಾಲದ ಕ್ರಿಕೆಟ್ ಹುಚ್ಚು. ದ್ರಾವಿಡ್ ಅಂದರೆ ಗೌರವ, ಆದರೆ ಅವರ ಲೆಕ್ಕ ಇನ್ನೂ ಹಿಂದಿನಿಂದ ಶುರುವಾಗುತ್ತದೆ. 'ಕರ್ನಾಟಕ ರಣಜಿ ಗೆದ್ದಿದ್ದೇ ಫೀಲ್ಡಿಂಗ್‌ನಿಂದ ಕಣೋ' ಅಂತಾರೆ. ಮುಂಬೈನವರು 15 ವರ್ಷ ಬಿಡದೆ ರಣಜಿ ಟ್ರೋಫಿ ಇಟ್ಟುಕೊಂಡಿದ್ದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಅನ್ನೋ ಹೆಸರು ಬಂದ ಆ ಮೊದಲ ಸೀಸನ್ನಿನಲ್ಲಿ, 1974ರಲ್ಲಿ, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಅವರು ಎದುರಾದರು. ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು, ಪ್ರಸನ್ನ ಗಾವಸ್ಕರ್ ವಿಕೆಟ್ ತೆಗೆದರು, ಅದೆಲ್ಲ ಸರಿ. ಆದರೆ ನೆಲ ಕಚ್ಚಿ ಆಡುತ್ತಿದ್ದ ಅಜಿತ್ ವಾಡೇಕರ್ ಓಡುವಾಗ ಜಾರಿದರು, ಸುಧಾಕರ ರಾವ್ ಎಸೆದ ಚೆಂಡಿಗೆ ರನ್ ಔಟಾದರು. ಮೊದಲ ಇನಿಂಗ್ಸ್ ಮುನ್ನಡೆ ಕರ್ನಾಟಕಕ್ಕೆ ಸಿಕ್ಕಿತು, ಆಮೇಲೆ ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಟ್ರೋಫಿ ತಂದರು. 'ಜಾರಿದ್ದು ಅವರ ದುರಾದೃಷ್ಟ ಅಂತಾರೆ. ಜಾರಿದಾಗ ಚೆಂಡು ಕೈಯಲ್ಲಿ ಇರಬೇಕಲ್ಲ?' ಇದು ಮೇಷ್ಟ್ರ ವಾದ. ಬ್ರಿಜೇಶ್ ಕವರ್ಸ್‌ನಲ್ಲಿ ನಿಂತರೆ ಆ ಕಡೆ ಒಂಟಿ ರನ್ ಕದಿಯಲು ಜನ ಹೆದರುತ್ತಿದ್ದರು ಅಂತಲೂ ಹೇಳುತ್ತಾರೆ. ಆ ತೆಗೆಯದೇ ಬಿಟ್ಟ ರನ್ನುಗಳನ್ನು ಯಾವ ಪುಸ್ತಕದಲ್ಲಿ ಹುಡುಕೋದು?

ಇನ್ನೊಂದು ಅವರ ಮೆಚ್ಚಿನ ಪುರಾಣ, 1971ರ ಓವಲ್. ಮೈಸೂರಿನ ಚಂದ್ರಶೇಖರ್ 38 ರನ್ನಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದರು, ಅಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು. ಅವತ್ತು ಬ್ಯಾಟ್ಸ್‌ಮನ್ ಮೂಗಿನ ಕೆಳಗೇ ಹೆಲ್ಮೆಟ್ ಇಲ್ಲದೆ ನಿಂತವರು ಏಕನಾಥ್ ಸೋಳ್ಕರ್. ಫ್ಲೆಚರ್, ನಾಟ್ ಇಬ್ಬರನ್ನೂ ಹಿಡಿದದ್ದು ಅವರೇ. ಮೈದಾನ ನೋಡಿಕೊಳ್ಳುವವರ ಮಗ, 27 ಟೆಸ್ಟ್‌ಗೆ 53 ಕ್ಯಾಚು. 2005ರಲ್ಲಿ ತೀರಿಕೊಂಡರು. ಮೇಷ್ಟ್ರು ಈ ಕಥೆ ಹೇಳುವಾಗ ಕುರ್ಚಿಯಿಂದ ಅರ್ಧ ಎದ್ದು ಮುಂದಕ್ಕೆ ಬಗ್ಗುತ್ತಾರೆ. ಮನೆಯವರು 'ಬೀಳ್ತೀರಿ, ಕೂತ್ಕೊಳ್ಳಿ' ಅಂತ ಒಳಗಿನಿಂದ ಕೂಗುತ್ತಾರೆ.

ನಮ್ಮ ಕಡೆ ಒಂದು ಮಾತಿದೆ, ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಅಂತ. ನಮ್ಮ ಗುಡಿಯ ಕೆತ್ತನೆ ಕಾಣಬೇಕಾದರೆ ಒಳಗೆ ಹೋಗಿ ಕತ್ತೆತ್ತಬೇಕು. ಸ್ಕೋರ್‌ಕಾರ್ಡೂ ಹಾಗೇ. 'ಕ್ಯಾಚ್ ದ್ರಾವಿಡ್, ಬೌಲಿಂಗ್ ಕುಂಬ್ಳೆ' ಅನ್ನೋ ಸಾಲು ಟೆಸ್ಟ್ ಇತಿಹಾಸದಲ್ಲಿ 55 ಸಲ ಬಂದಿದೆ. ಕುಂಬ್ಳೆಯ 619 ವಿಕೆಟ್ ಅಂತ ಬಾಯಿಪಾಠ ಮಾಡಿದ್ದೇವೆ, ಅದರಲ್ಲಿ ಹನ್ನೊಂದಕ್ಕೆ ಒಂದು ದ್ರಾವಿಡ್ ಅಂಗೈಯಲ್ಲಿ ಬಿದ್ದದ್ದು. ಇಬ್ಬರೂ ಬೆಂಗಳೂರಿನವರು, ಕರ್ನಾಟಕ ತಂಡಕ್ಕೆ ಜೊತೆಗೇ ಆಡಿದವರು. ಹರ್ಭಜನ್‌ಗೆ 51. 2003ರ ಅಡಿಲೇಡ್ ಟೆಸ್ಟ್ ಅಂದರೆ ದ್ರಾವಿಡ್‌ನ 233 ಮತ್ತು ಔಟಾಗದ 72 ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆಸ್ಟ್ರೇಲಿಯಾ ಎರಡನೇ ಇನಿಂಗ್ಸ್‌ನಲ್ಲಿ 196ಕ್ಕೆ ಮುಗಿಯದಿದ್ದರೆ ಆ 72ಕ್ಕೆ ಏನು ಬೆಲೆ? ಮಾರ್ಟಿನ್, ಸ್ಟೀವ್ ವಾ ಇಬ್ಬರೂ ನಿಂತುಬಿಟ್ಟಿದ್ದರು. ಬೌಲಿಂಗ್‌ಗೆ ಬಂದ ಸಚಿನ್ ಎಸೆತಕ್ಕೆ ಇಬ್ಬರ ಬ್ಯಾಟೂ ಅಂಚು ಕೊಟ್ಟಿತು, ಎರಡನ್ನೂ ಸ್ಲಿಪ್‌ನಲ್ಲಿ ಹಿಡಿದದ್ದು ದ್ರಾವಿಡ್. ಮೊದಲ ಇನಿಂಗ್ಸ್‌ನಲ್ಲಿ ಹತ್ತು ಗಂಟೆಯ ಹತ್ತಿರ ಬ್ಯಾಟ್ ಮಾಡಿ ದಣಿದ ಮೈ ಅದು. ಧಾರವಾಡದಲ್ಲಿ ರಾತ್ರಿ ನಿದ್ದೆ ಬಾರದಾಗ ಆ ಎರಡು ಕ್ಯಾಚು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಇನ್ನು ನಾನು ಬಿಟ್ಟದ್ದರ ಕಥೆ.

ನಮ್ಮೂರ ತಂಡದಲ್ಲಿ ನನ್ನ ಹೆಸರು ಜ್ಯಾಮಿ. ದ್ರಾವಿಡ್‌ಗೆ ಆ ಅಡ್ಡಹೆಸರು ಬಂದದ್ದು ಅವರ ತಂದೆ ಜಾಮ್ ಮಾಡುವ ಕಂಪನಿಯಲ್ಲಿದ್ದರು ಅಂತ. ನನಗೆ ಬಂದದ್ದು ಟೆನಿಸ್ ಬಾಲ್ ಆಟದಲ್ಲೂ ಸ್ಲಿಪ್‌ನಲ್ಲಿ ನಿಲ್ಲುತ್ತೇನೆ ಅಂತ ಹಟ ಹಿಡಿಯುತ್ತಿದ್ದುದಕ್ಕೆ. ಗೊತ್ತಿದ್ದವರು ನಗುತ್ತೀರಿ. ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಎಂಟು ಓವರಿನ ಪಂದ್ಯ, ಎಲ್ಲರೂ ಸಿಕ್ಸರ್ ಹೊಡೆಯಲು ನಿಂತಿರುತ್ತಾರೆ, ಅಲ್ಲಿ ಸ್ಲಿಪ್ ಯಾರಿಗೆ ಬೇಕು? 'ಲೇ ಜ್ಯಾಮಿ, ಇದೇನು ಲಾರ್ಡ್ಸ್ ಅಲ್ಲ, ಹೋಗಿ ಜಾಲಿ ಗಿಡದ ಹತ್ರ ನಿಂದ್ರು' ಅಂತ ಕ್ಯಾಪ್ಟನ್ ಅಟ್ಟುತ್ತಿದ್ದ. ಬಳ್ಳಾರಿ ಜಾಲಿಯೇ ನಮ್ಮ ಬೌಂಡರಿ. ಚೆಂಡು ಅದರೊಳಗೆ ಹೋದರೆ ನಾಲ್ಕು ರನ್ನು, ತರಲು ಹೋದವನಿಗೆ ನಾಲ್ಕು ಮುಳ್ಳು. ಬ್ಯಾಟಿಂಗ್‌ನಲ್ಲಿ ನಾನು ಒಂಬತ್ತನೆಯವನು, ಬೌಲಿಂಗ್ ಕೊಡುತ್ತಿರಲಿಲ್ಲ. ಆದರೂ ಹನ್ನೊಂದರಲ್ಲಿ ಇರುತ್ತಿದ್ದೆ. ನನ್ನ ಕಡೆ ಬಂದದ್ದು ಜಾಲಿ ಮುಟ್ಟುತ್ತಿರಲಿಲ್ಲ, ಅಷ್ಟೇ ನನ್ನ ಅರ್ಹತೆ.

ಸ್ಲಿಪ್ ಬೇಕು ಅನ್ನುತ್ತಿದ್ದವನು ಊರಿಗೆಲ್ಲ ಒಬ್ಬನೇ ಇದ್ದ. ಅವನನ್ನು ನಾವು ಕುಂಬ್ಳೆ ಅಂತಲೇ ಕರೆಯುತ್ತಿದ್ದೆವು. ಉದ್ದ ಕಾಲು, ಜೋರು ಲೆಗ್ ಸ್ಪಿನ್ನು, ಟೆನಿಸ್ ಚೆಂಡನ್ನೂ ಎದೆಮಟ್ಟಕ್ಕೆ ಪುಟಿಸುತ್ತಿದ್ದ. ಒಂದನೇ ಕ್ಲಾಸಿನಿಂದ ನನ್ನ ಜೊತೆಗಾರ. ಸಂಜೆ ಕೊಟ್ಟಿಗೆ ಹಿಂದೆ ಅವನು ಎಸೆಯೋದು, ಇನ್ನೊಬ್ಬ ಯಾರಾದರೂ ಬ್ಯಾಟ್ ಅಂಚು ಕೊಡೋದು, ನಾನು ಹಿಡಿಯೋದು. ಹೀಗೆ ನೂರಾರು ಹಿಡಿದಿದ್ದೇನೆ. ಪಂದ್ಯದಲ್ಲಿ ಮಾತ್ರ 'ಕ್ಯಾಚ್ ಜ್ಯಾಮಿ, ಬೌಲಿಂಗ್ ಕುಂಬ್ಳೆ' ಅಂತ ಒಂದೇ ಒಂದು ಸಾಲು ಬರೆಸಲು ಆಗಿರಲಿಲ್ಲ.

2022ರ ಬೇಸಿಗೆಯಲ್ಲಿ ಟೂರ್ನಮೆಂಟ್ ಫೈನಲ್, ಎದುರಿಗೆ ಕೊಟ್ಟೂರು ಕಡೆಯ ತಂಡ. ಮೊದಲ ಬಹುಮಾನ ಹದಿನೈದು ಸಾವಿರ. ಕೊನೆಯ ಓವರು ಕುಂಬ್ಳೆಯದು. ಮೂರು ಚೆಂಡಿಗೆ ನಾಲ್ಕು ರನ್ ಬೇಕು, ಕೊನೆಯ ಜೋಡಿ. ಕುಂಬ್ಳೆ ಓಡಲು ಶುರು ಮಾಡಿದವನು ನಿಂತುಬಿಟ್ಟ. 'ಜ್ಯಾಮಿನ ಸ್ಲಿಪ್‌ಗೆ ಹಾಕು' ಅಂದ. ಕ್ಯಾಪ್ಟನ್ ಬೈದ. ನಾನಿದ್ದದ್ದು ಥರ್ಡ್ ಮ್ಯಾನ್‌ನಲ್ಲಿ, ನಾನು ಬಂದರೆ ಹಿಂದೆ ಇಡೀ ಜಾಗ ಖಾಲಿ. 'ಹಾಕು ಅಂದ್ರೆ ಹಾಕು' ಅಂತ ಕುಂಬ್ಳೆ ಮತ್ತೆ ಅಂದ. ನಾನು ಓಡಿ ಬಂದು ನಿಂತೆ. ಮೊಣಕಾಲಿನ ಮೇಲೆ ಕೈ. ಹತ್ತನೇ ವಯಸ್ಸಿನಿಂದ ನಾನು ಕಾಯುತ್ತಿದ್ದ ಚೆಂಡು ಅದು.

ಅಂಚಿಗೆ ತಾಗಿತು. ಹಾರಬೇಕಾದದ್ದೇನೂ ಇರಲಿಲ್ಲ. ನೇರ ಎದೆಗೆ ಬಂತು. ನನ್ನ ಬೆರಳು ಕಲ್ಲಾಗಿದ್ದವು. ಚೆಂಡು ಅಂಗೈಗೆ ಹೊಡೆದು, ಭುಜದ ಮೇಲಿಂದ ಹಾರಿ, ನಾನು ಬಿಟ್ಟು ಬಂದ ಖಾಲಿ ಜಾಗದಲ್ಲಿ ಉರುಳುತ್ತಾ ಉರುಳುತ್ತಾ ಜಾಲಿಯೊಳಗೆ ಹೋಯಿತು.

ಬೈದವರ ಮಾತೆಲ್ಲ ಮರೆತಿದ್ದೇನೆ. ಕುಂಬ್ಳೆ ಮಾತ್ರ ಹತ್ತಿರ ಬಂದು 'ಆಯ್ತು ಬಿಡಲೇ' ಅಂದ. ಅದು ಮರೆತಿಲ್ಲ. ತನ್ನ ಪಾಲಿನ ದುಡ್ಡು ಐಟಿಐ ಫೀಸಿಗೆ ಆಗುತ್ತದೆ ಅಂತ ಆ ವಾರವೆಲ್ಲ ಹೇಳುತ್ತಿದ್ದ. ಒಂದು ತಿಂಗಳಿಗೆ ಬೆಂಗಳೂರಿಗೆ ಹೋದ, ಗೋಡೌನಿನಲ್ಲಿ ಪಾರ್ಸೆಲ್ ವಿಂಗಡಿಸುವ ಕೆಲಸ. ನನ್ನ ಕ್ಯಾಚಿನಿಂದಲೇ ಹೋದ ಅಂದುಕೊಳ್ಳುವಷ್ಟು ದಡ್ಡ ನಾನಲ್ಲ. ಮನೆಯ ಮೇಲೆ ಸಾಲವಿತ್ತು, ಹದಿನೈದು ಸಾವಿರವನ್ನು ಹನ್ನೊಂದು ಜನ ಹಂಚಿಕೊಂಡರೆ ಎಷ್ಟು ಬರುತ್ತದೆ ನೀವೇ ಹೇಳಿ. ಆದರೂ ಅವನ ಫೋನ್ ಬಂದಾಗ ನಾನು ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೂರನೇ ಸಲ ಅವನೇ ಮಾಡಲಿಲ್ಲ. ನಾನು ಧಾರವಾಡಕ್ಕೆ ಬಂದೆ. ಒಂದು ಪರೀಕ್ಷೆಯಲ್ಲಿ ಒಂದೂವರೆ ಅಂಕದಿಂದ ಹೋಯಿತು, ಇನ್ನೊಂದರ ದಿನಾಂಕವೇ ಎರಡು ಸಲ ಮುಂದೆ ಹೋಯಿತು. ಕೈಗೆ ಬಂದದ್ದು ಬಿಡುವವನು ಅಂತ ನನ್ನ ಬಗ್ಗೆ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆ ದಿನಗಳಲ್ಲೇ ದ್ರಾವಿಡ್ ವಿಡಿಯೊಗಳನ್ನು ಬೇರೆ ಥರ ನೋಡಲು ಶುರು ಮಾಡಿದ್ದು. ಹಿಡಿದದ್ದಲ್ಲ, ಬಿಟ್ಟದ್ದು. ಹೌದು, ದ್ರಾವಿಡ್ ಕೂಡ ಬಿಟ್ಟಿದ್ದಾರೆ, ಕೊನೆಯ ವರ್ಷಗಳಲ್ಲಂತೂ ಸುಲಭದವನ್ನೂ ಬಿಟ್ಟಿದ್ದಾರೆ. ಸ್ಕೋರ್‌ಕಾರ್ಡಿನಲ್ಲಿ ಅದಕ್ಕೂ ಕಾಲಂ ಇಲ್ಲ. ಬಿಟ್ಟ ಮೇಲೆ ಏನು ಮಾಡುತ್ತಾರೆ ಅಂತ ನೋಡುತ್ತಿದ್ದೆ. ವಿಶೇಷ ಏನೂ ಇಲ್ಲ. ಚೆಂಡನ್ನು ವಾಪಸು ಕೊಡುತ್ತಾರೆ, ಒಂದು ಸಲ ಕೈ ನೋಡಿಕೊಳ್ಳುತ್ತಾರೆ, ಬೌಲರ್ ತಿರುಗಿ ನಡೆಯುವಷ್ಟರಲ್ಲಿ ಮತ್ತೆ ಅದೇ ಜಾಗದಲ್ಲಿ ಬಗ್ಗಿರುತ್ತಾರೆ. ಅಲ್ಲಿಂದ ಓಡಿ ಬೌಂಡರಿಗೆ ಹೋಗಿ ಅಡಗಿಕೊಂಡದ್ದು ನಾನು ಕಾಣಲಿಲ್ಲ.

ಹಾಗಾಗಿ ಜುಲೈನ ಆ ರಾತ್ರಿ ರೂಟ್ ಕ್ಯಾಚ್ ಹಿಡಿದಾಗ ನನಗೆ ಮೊದಲು ನೆನಪಾದದ್ದು ದ್ರಾವಿಡ್ ಕೂಡ ಅಲ್ಲ. ಗೆಳೆಯರು ಮಲಗಿದ ಮೇಲೆ ಮೂರು ವರ್ಷದ ನಂತರ ಒಂದು ಮೆಸೇಜು ಹಾಕಿದೆ: 'ಜ್ಯಾಮಿ ರೆಕಾರ್ಡು ಹೋಯ್ತಲೇ. 211.'

ರಾತ್ರಿ ಎರಡು ಗಂಟೆಗೆ, ಶಿಫ್ಟು ಮುಗಿದ ಮೇಲಿರಬೇಕು, ಉತ್ತರ ಬಂತು. 'ನೋಡ್ದೆ. ಬಿಟ್ಟಿದ್ರೆ ಚಲೋ ಇತ್ತು.'

ಅದನ್ನು ರೂಟ್‌ಗೆ ಅಂದದ್ದೋ ನನಗೆ ಅಂದದ್ದೋ ಅಂತ ಐದು ನಿಮಿಷ ಯೋಚಿಸಿದೆ. ಅಷ್ಟರಲ್ಲಿ ಇನ್ನೊಂದು ಬಂತು. 'ದೀಪಾವಳಿಗೆ ಬರ್ತೀನಿ. ಕೊಟ್ಟಿಗೆ ಗೋಡೆ ಐತೋ ಬಿದ್ದೈತೋ?'

ಗೋಡೆ ಇತ್ತು. ಎಮ್ಮೆ ಇರಲಿಲ್ಲ, ಮಾರಿದ್ದೆವು. ದೀಪಾವಳಿಗೆ ಅವನು ಬಂದ. ಸ್ವಲ್ಪ ದಪ್ಪಗಾಗಿದ್ದ, ಬಲ ಭುಜ ಮೇಲೆತ್ತಿದರೆ ನೋಯುತ್ತದೆ ಅಂದ. ಭಾರದ ಪಾರ್ಸೆಲ್ ಎತ್ತಿ ಎತ್ತಿ ಹಾಗಾಗಿದೆಯಂತೆ. ಫೋನ್ ಯಾಕೆ ಎತ್ತಲಿಲ್ಲ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಬ್ಬದ ಮರುದಿನ ಹೊಲದಲ್ಲಿ ಪಂದ್ಯ ಇಟ್ಟುಕೊಂಡೆವು, ಊರಿನಲ್ಲಿದ್ದವರು ಮತ್ತು ಹಬ್ಬಕ್ಕೆ ಬಂದವರು ಅಂತ ಎರಡು ತಂಡ. ನಾವಿಬ್ಬರೂ ಹೊರಗಿನಿಂದ ಬಂದವರು, ಒಂದೇ ತಂಡಕ್ಕೆ ಬಿದ್ದೆವು. ಮೇಷ್ಟ್ರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ಕುಂಬ್ಳೆ ಚೆಂಡು ಕೈಗೆ ತೆಗೆದುಕೊಂಡವನು ಯಾರನ್ನೂ ಕೇಳದೆ ನನ್ನ ಕಡೆ ನೋಡಿ ಬೆರಳಿನಲ್ಲಿ ಜಾಗ ತೋರಿಸಿದ. ಈಗ ಬೈಯಲು ಹಳೇ ಕ್ಯಾಪ್ಟನ್ ಇರಲಿಲ್ಲ, ಅವನು ಎದುರು ತಂಡದಲ್ಲಿ ಬ್ಯಾಟ್ ಹಿಡಿದು ನಿಂತು ನಗುತ್ತಿದ್ದ. ನಾನು ಹೋಗಿ ಸ್ಲಿಪ್‌ನಲ್ಲಿ ನಿಂತೆ, ಬೆರಳು ಒಂದೆರಡು ಸಲ ಬಿಚ್ಚಿ ಮಡಚಿದೆ. ಕುಂಬ್ಳೆ ಎರಡು ಓವರು ಹಾಕಿದ. ಹನ್ನೆರಡು ಚೆಂಡಿಗೂ ಬಗ್ಗಿದೆ, ಹನ್ನೆರಡು ಸಲವೂ ಎದ್ದು ನಿಂತೆ. ನನ್ನ ಕಡೆ ಒಂದೂ ಬರಲಿಲ್ಲ.